ಮಾಸ್ಕೋದ ಕಥೆ, ಬ್ಲೂಮಿಂಗ್ಟನ್ನಿನ ವ್ಯಾಕರಣ: ಶೀತಲ ಸಮರದ ಕಾಲದ ಕನ್ನಡ ಜಾನಪದ ವಿಚಾರ

ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿರುವ ಉಲ್ಲಾಳವನ್ನು ಕರಾವಳಿಯ ಉಲ್ಲಾಳದೊಡನೆ ತಪ್ಪಾಗಿ ಬೆರೆಸುವವರು ಇಂದಿಗೂ ಉಂಟು. ರಾಣಿ ಅಬ್ಬಕ್ಕನ ಉಲ್ಲಾಳ ಪೋರ್ಚುಗೀಸರೊಡನೆ ಕಾದಾಡಿ ಇತಿಹಾಸದಲ್ಲಿ ನಿಂತಿತು. ಈ ಉಲ್ಲಾಳಕ್ಕೆ ಅಂತಹ ಯಾವ ಖ್ಯಾತಿಯೂ ಇಲ್ಲ. ಕೆರೆ, ಹೊಲ, ತೋಪುಗಳ ಗ್ರಾಮವಾಗಿದ್ದು ಈಗ ಬಡಾವಣೆಗಳ ನಡುವಣ ಒಂದು ಹೆಸರಾಗಿ ಉಳಿದಿದೆ. ಆದರೆ ಇದರ ನೆರೆಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ. ಅಲ್ಲಿನ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದ ಜಿ.ಎಸ್. ಶಿವರುದ್ರಪ್ಪನವರ ಪ್ರವಾಸ ಸಾಹಿತ್ಯದಲ್ಲಿ ‘ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ’ ಒಂದು ಕೃತಿ. ‘ಅಮೆರಿಕದಲ್ಲಿ ಕನ್ನಡಿಗ’ ಇನ್ನೊಂದು. ಮೊದಲನೆಯದಕ್ಕೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ದೊರೆಯಿತು. ಎರಡು ಮಹಾಶಕ್ತಿಗಳ ಪೈಪೋಟಿಯ ಕಾಲದಲ್ಲಿ ಕನ್ನಡದ ವಿದ್ವತ್ತು ನಿಂತಿದ್ದ ಸ್ಥಳವನ್ನು ಗುರುತಿಸಲು ಈ ಎರಡು ಶೀರ್ಷಿಕೆಗಳೇ ಸಾಕು. ಎರಡು ಕಡೆಯಿಂದಲೂ ಆಹ್ವಾನವಿತ್ತು, ಎರಡು ಕಡೆಯಿಂದಲೂ ಪುಸ್ತಕ ಬರುತ್ತಿತ್ತು.

ಮೈಸೂರಿನಲ್ಲಿಯೂ ಸ್ಥಿತಿ ಭಿನ್ನವಾಗಿರಲಿಲ್ಲ. 1966ರಲ್ಲಿ ಸ್ಥಾಪಿತವಾದ ಕನ್ನಡ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರಾದ ದೇ. ಜವರೇಗೌಡರು ಟಾಲ್‌ಸ್ಟಾಯ್‌ನ ಮಹಾಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದ ಹಾ.ಮಾ. ನಾಯಕರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದವರು. ಕರ್ನಾಟಕದಲ್ಲಿ ಜಾನಪದವು ವಿಶ್ವವಿದ್ಯಾಲಯದ ಅಧ್ಯಯನ ವಿಷಯವಾಗಿ ಬೇರೂರಿದ್ದು ಇಂತಹ ವಿದ್ವಾಂಸರ ಆಶ್ರಯದಲ್ಲಿ. ಹೀಗಿದ್ದೂ ಕನ್ನಡ ಜಾನಪದಶಾಸ್ತ್ರವು ತನ್ನ ಚರಿತ್ರೆಯನ್ನು ಬರೆದುಕೊಳ್ಳುವಾಗ ಹಲಸಂಗಿ ಗೆಳೆಯರಿಂದ ಆರಂಭಿಸಿ, ಸಂಗ್ರಾಹಕರ ತ್ಯಾಗವನ್ನು ಕೊಂಡಾಡಿ, ‘ಪಾಶ್ಚಾತ್ಯ ಸಿದ್ಧಾಂತಗಳ ಪ್ರಭಾವ’ ಎಂಬ ಒಂದು ಉಪಶೀರ್ಷಿಕೆಯಲ್ಲಿ ಉಳಿದುದನ್ನು ಮುಗಿಸಿಬಿಡುತ್ತದೆ. ಆ ‘ಪಾಶ್ಚಾತ್ಯ’ ಎಂಬ ಒಂದೇ ಪದದೊಳಗೆ ಪರಸ್ಪರ ವೈರಿಗಳಾಗಿದ್ದ ಎರಡು ಲೋಕಗಳು ಸೇರಿಹೋಗಿವೆ ಎಂಬ ಅಂಶ ಈ ಚರಿತ್ರೆಗಳಲ್ಲಿ ಕಾಣಿಸುವುದಿಲ್ಲ.

1958ನೆಯ ವರ್ಷವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಹಿಂದಿನ ವರ್ಷ, 1957ರ ಅಕ್ಟೋಬರ್ 4ರಂದು, ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತ್ತು. ಅದರ ಆಘಾತದಿಂದ ಎಚ್ಚೆತ್ತ ಅಮೆರಿಕ 1958ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯನ್ನು ಜಾರಿಗೆ ತಂದು, ವಿಜ್ಞಾನದ ಜೊತೆಗೆ ಏಷ್ಯಾದ ಭಾಷೆಗಳ ಕಲಿಕೆಗೂ ಹಣ ಒದಗಿಸಿತು. ಅದೇ ವರ್ಷ ಲೆನಿನ್‌ಗ್ರಾಡಿನ ವಿದ್ವಾಂಸ ವ್ಲಾದಿಮಿರ್ ಪ್ರಾಪ್‌ನ 1928ರ ಗ್ರಂಥ ಇಂಡಿಯಾನಾ ವಿಶ್ವವಿದ್ಯಾಲಯದ ಊರಾದ ಬ್ಲೂಮಿಂಗ್ಟನ್ನಿನಿಂದ ಇಂಗ್ಲಿಷಿನಲ್ಲಿ ಹೊರಬಂದಿತು. ಸ್ಟಿತ್ ಥಾಮ್ಸನ್ ಮತ್ತು ಯೋನಾಸ್ ಬಾಲಿಸ್ ಅವರ ಭಾರತೀಯ ಮೌಖಿಕ ಕಥೆಗಳ ಆಶಯಸೂಚಿ ಪ್ರಕಟವಾದದ್ದೂ ಆ ವರ್ಷ, ಅಲ್ಲಿಂದಲೇ. ಪುಣೆಯ ಡೆಕ್ಕನ್ ಕಾಲೇಜು ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವರ್ಣನಾತ್ಮಕ ವ್ಯಾಕರಣವನ್ನು ಹೊರತಂದದ್ದೂ 1958ರಲ್ಲಿಯೇ. ಇವುಗಳ ಹಿಂದೆ ಯಾರದೋ ಒಳಸಂಚಿತ್ತೆಂದು ಹೇಳುವುದು ಬಾಲಿಶವಾದೀತು. ಪ್ರಾಪ್‌ನ ಅನುವಾದಕ್ಕೂ ಆ ಕಾಯಿದೆಗೂ ನೇರ ಸಂಬಂಧವಿಲ್ಲ. ಆದರೆ ಕಥೆ, ಆಡುಮಾತು, ಆಶಯ ಇವುಗಳನ್ನು ಎಣಿಸಿ ಅಳೆಯಬಹುದಾದ ವಸ್ತುಗಳನ್ನಾಗಿ ಕಾಣುವ ದೃಷ್ಟಿಗೆ ಆ ಕಾಲ ಹದವಾಗಿತ್ತು; ಕನ್ನಡವೂ ಆ ಹದದೊಳಗೆ ಬಿದ್ದಿತು.

ಜಾನಪದಕ್ಕೂ ರಾಷ್ಟ್ರರಕ್ಷಣೆಗೂ ಏನು ಸಂಬಂಧ ಎಂಬ ಪ್ರಶ್ನೆ ಅಮೆರಿಕದಲ್ಲಿಯೇ ಎದ್ದಿತು. ಜಾನಪದ ವಿದ್ಯಾರ್ಥಿಗಳಿಗೆ ಈ ಕಾಯಿದೆಯ ಶಿಷ್ಯವೇತನ ಸಲ್ಲುವುದು ಅಪವ್ಯಯವೆಂಬ ಆಕ್ಷೇಪಕ್ಕೆ ಉತ್ತರವಾಗಿ ಇಂಡಿಯಾನಾದ ರಿಚರ್ಡ್ ಡಾರ್ಸನ್ 1962ರಲ್ಲಿ ಅಮೆರಿಕನ್ ಜಾನಪದ ಪತ್ರಿಕೆಯಲ್ಲಿ ಲೇಖನ ಬರೆದರು. ಕಮ್ಯುನಿಸ್ಟ್ ದೇಶಗಳು ಜಾನಪದವನ್ನು ಪ್ರಚಾರಕ್ಕೆ ಬಳಸುತ್ತಿವೆ, ಆದಕಾರಣ ಜಾನಪದವನ್ನು ಶಾಸ್ತ್ರೀಯವಾಗಿ ಬಲ್ಲವರು ಅಮೆರಿಕಕ್ಕೆ ಅವಶ್ಯ ಎಂಬುದು ಅವರ ವಾದದ ಒಂದು ಎಳೆ. ಡಾರ್ಸನ್ನರ ಆರೋಪ ಸುಳ್ಳಾಗಿರಲಿಲ್ಲ. 1934ರ ಸೋವಿಯತ್ ಲೇಖಕರ ಸಮ್ಮೇಳನದಲ್ಲಿ ಗಾರ್ಕಿ ಜಾನಪದವನ್ನು ದುಡಿಮೆಯಿಂದ ಹುಟ್ಟಿದ, ನಿರಾಶೆಗೆ ಎಡೆಗೊಡದ ಸೃಷ್ಟಿಯೆಂದು ಎತ್ತಿಹಿಡಿದ ನಂತರ ಅಲ್ಲಿ ಹಳೆಯ ವೀರಗೀತೆಗಳ ಧಾಟಿಯಲ್ಲಿ ಲೆನಿನ್ ಮತ್ತು ಸ್ಟಾಲಿನ್ನರ ಕುರಿತ ಹೊಸ ಗೀತೆಗಳು ತಯಾರಾದವು. ಮಾರ್ಫಾ ಕ್ರ್ಯೂಕೊವಾ ಎಂಬ ಹಾಡುಗಾತಿ ಇಂತಹ ‘ನೊವಿನ’ಗಳಿಂದ ಪ್ರಸಿದ್ಧಳಾದಳು. ಹೊಗಳುಭಟರ ಪರಂಪರೆಯನ್ನು ಬಲ್ಲ ಕನ್ನಡ ಓದುಗನಿಗೆ ಇದರಲ್ಲಿ ಅಚ್ಚರಿಯೇನೂ ತೋರಲಾರದು. ಆದರೆ ಡಾರ್ಸನ್ನರ ವಾದವೂ ಜಾನಪದವನ್ನು ಮತ್ತೊಂದು ಪಕ್ಷದ ಉಪಯೋಗಕ್ಕೆ ಕಟ್ಟಿಹಾಕಿತೆಂಬುದನ್ನು ಹೇಳದೆ ಬಿಡಲಾಗದು.

ಇನ್ನು ಕಥೆಗಳ ಮಾತು. 1960ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನವಕರ್ನಾಟಕ ಪ್ರಕಾಶನದ ಮೂಲಕ ಮಾಸ್ಕೋದ ಪ್ರಗತಿ ಪ್ರಕಾಶನ ಹಾಗೂ 1982ರಿಂದ ರಾದುಗ ಪ್ರಕಾಶನದ ಪುಸ್ತಕಗಳು ಕರ್ನಾಟಕವನ್ನು ತಲುಪಿದವು. ಮಾಸ್ಕೋದಲ್ಲಿಯೇ ಕನ್ನಡಕ್ಕೆ ಅನುವಾದಗೊಂಡು, ಅಲ್ಲಿಯೇ ಕನ್ನಡ ಲಿಪಿಯಲ್ಲಿ ಅಚ್ಚಾಗಿ, ಗಟ್ಟಿ ರಟ್ಟಿನ, ಬಣ್ಣದ ಚಿತ್ರಗಳ ಈ ಪುಸ್ತಕಗಳು ಅಗ್ಗದ ಬೆಲೆಗೆ ದೊರೆಯುತ್ತಿದ್ದವು. ಮಾರಾಟ ಮೇಳಗಳಲ್ಲಿ ಅವನ್ನು ಕೊಂಡ ತಲೆಮಾರೊಂದು ಕರ್ನಾಟಕದಲ್ಲಿದೆ. ಹಿಮದ ಕಾಡು, ಬೂದುಬಣ್ಣದ ತೋಳ, ರಾಜಕುಮಾರ ಇವಾನ್, ಕಪ್ಪೆಯಾಗಿದ್ದ ರಾಜಕುಮಾರಿ ಇವರೆಲ್ಲ ಹಿಮವನ್ನೇ ಕಾಣದ ಮಕ್ಕಳ ಮನಸ್ಸಿನೊಳಗೆ ಸುಲಭವಾಗಿ ಪ್ರವೇಶಿಸಿದರು. ಅಜ್ಜಿ ಹೇಳುತ್ತಿದ್ದ ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟ ರಾಕ್ಷಸನಿಗೂ, ಸೂಜಿಯ ಮೊನೆಯಲ್ಲಿ ಮರಣವಿಟ್ಟುಕೊಂಡ ರಷ್ಯದ ಕೊಶ್ಚೇಯ್‌ಗೂ ಇರುವ ಬಂಧುತ್ವವನ್ನು ಮಕ್ಕಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಶೀತಲ ಸಮರದ ಪ್ರಚಾರಸಾಮಗ್ರಿಯಲ್ಲಿ ಇಷ್ಟು ದೀರ್ಘಕಾಲ ಬಾಳಿದ್ದು, ಪ್ರಚಾರವೆಂದು ಅನ್ನಿಸದೇ ಉಳಿದದ್ದು, ಬಹುಶಃ ಈ ಮಕ್ಕಳ ಪುಸ್ತಕಗಳು ಮಾತ್ರ.

ಹಾಗೆಂದು ಇವು ನಿಷ್ಕಳಂಕ ಪಠ್ಯಗಳಲ್ಲ. ಸೋವಿಯತ್ ಕಾಲದಲ್ಲಿ ಮಕ್ಕಳಿಗಾಗಿ ಬಂದ ರಷ್ಯನ್ ಕಥೆಗಳಲ್ಲಿ ಅನೇಕವು ಅಲೆಕ್ಸೇಯ್ ಟಾಲ್‌ಸ್ಟಾಯ್ 1940ರ ದಶಕದಲ್ಲಿ ಸಿದ್ಧಪಡಿಸಿದ ರೂಪಗಳನ್ನು ಅವಲಂಬಿಸಿವೆ. ಈತ ‘ಯುದ್ಧ ಮತ್ತು ಶಾಂತಿ’ಯ ಟಾಲ್‌ಸ್ಟಾಯ್ ಅಲ್ಲ, ಬೇರೊಬ್ಬ ಲೇಖಕ. ಹಲವು ಪಾಠಾಂತರಗಳಿಂದ ಚೆನ್ನಾದ ಭಾಗಗಳನ್ನು ಆಯ್ದು ಒಂದೇ ಕಥೆಯಾಗಿ ಹೆಣೆಯುವುದು ಈತನ ವಿಧಾನ. ಕಥೆ ಸೊಗಸಾಯಿತು, ಹೇಳಿದವರು ಅಳಿಸಿಹೋದರು. ಕನ್ನಡ ಸಂಗ್ರಾಹಕರೂ ‘ಪರಿಷ್ಕರಿಸಿ ಕೊಡಲಾಗಿದೆ’ ಎಂಬ ಮುನ್ನುಡಿಯ ಮಾತಿನಲ್ಲಿ ಇದನ್ನೇ ಮಾಡಿದ್ದರು. ಇಲ್ಲಿ ರಷ್ಯದ ಪ್ರಭಾವವನ್ನು ಹುಡುಕಬೇಕಿಲ್ಲ. ಎರಡು ಕಡೆಯೂ ‘ಜನ’ ಎಂಬ ದೊಡ್ಡ ಹೆಸರು ಬಂದೊಡನೆ ಹೇಳಿದ ಒಬ್ಬ ಮುದುಕಿಯ ಹೆಸರು ಅನಾವಶ್ಯಕವಾಯಿತು, ಅಷ್ಟೆ. ಗಾರ್ಕಿಯ ‘ತಾಯಿ’ಯನ್ನು ಕನ್ನಡಕ್ಕೆ ತಂದ ನಿರಂಜನರ ತಲೆಮಾರಿನ ಪ್ರಗತಿಶೀಲ ವಾತಾವರಣದಲ್ಲಿ ಜನಪದ ಗೀತೆಯೆಂದರೆ ಶ್ರಮದ ದನಿ, ಭರವಸೆಯ ದನಿ ಎಂಬ ನಂಬಿಕೆ ಬಲವಾಗಿತ್ತು. 1931ರಲ್ಲೇ ಪ್ರಕಟವಾಗಿದ್ದ ‘ಗರತಿಯ ಹಾಡು’ ಈ ನಂಬಿಕೆಗೆ ಸುಲಭವಾಗಿ ಒಗ್ಗುವ ಕೃತಿಯಲ್ಲ. ಅಲ್ಲಿನ ಬೀಸುವ ಪದಗಳಲ್ಲಿ ಶ್ರಮವಿದೆ, ನಿಜ. ಆದರೆ ತವರಿನ ಹಂಬಲ, ಬಂಜೆತನದ ದುಃಖ, ಸವತಿಯ ಸಂಕಟ ಇವುಗಳಿಗೆ ಗಾರ್ಕಿಯ ಸೂತ್ರದಲ್ಲಿ ಎಡೆಯಿಲ್ಲ.

ಕಥೆ ಮಾಸ್ಕೋದಿಂದ ಬಂದರೆ ಕಥೆಯ ವ್ಯಾಕರಣ ಬಂದದ್ದು ಬ್ಲೂಮಿಂಗ್ಟನ್ನಿನಿಂದ. ಈ ವಿಪರ್ಯಾಸವನ್ನು ಕೊಂಚ ವಿಸ್ತಾರವಾಗಿ ನೋಡಬೇಕಾಗಿದೆ. ಪ್ರಾಪ್ ಅಭ್ಯಸಿಸಿದ್ದು ಅಫನಾಸ್ಯೇವ್ ಸಂಗ್ರಹದ 100 ಕಥೆಗಳನ್ನು. ಪಾತ್ರಗಳು ಬದಲಾದರೂ ಅವು ಮಾಡುವ ಕೆಲಸಗಳು ಸೀಮಿತ, ಅವುಗಳ ಅನುಕ್ರಮ ಸ್ಥಿರ ಎಂದು ಕಂಡು ಆತ 31 ಕ್ರಿಯಾಂಶಗಳನ್ನೂ 7 ಪಾತ್ರವರ್ಗಗಳನ್ನೂ ಗುರುತಿಸಿದ. ಸ್ವದೇಶದಲ್ಲಿ ಆತನಿಗೆ ದೊರೆತದ್ದು ಮನ್ನಣೆಯಲ್ಲ. ರೂಪನಿಷ್ಠತೆ ಅಪರಾಧವಾಗಿದ್ದ ಕಾಲದಲ್ಲಿ ಗ್ರಂಥ ಮೂಲೆಗೆ ಸರಿಯಿತು. ಕಥೆಯ ಚಾರಿತ್ರಿಕ ಬೇರುಗಳನ್ನು ಕುರಿತು 1946ರಲ್ಲಿ ಬರೆದ ಗ್ರಂಥವೂ, ವಿದೇಶಿ ವಿದ್ವಾಂಸರನ್ನು ಉಲ್ಲೇಖಿಸಿದ್ದೇ ದೋಷವೆನ್ನಿಸಿದ ಯುದ್ಧೋತ್ತರ ಆಂದೋಲನದಲ್ಲಿ ಖಂಡನೆಗೆ ಗುರಿಯಾಯಿತು. ಮೊದಲ ಗ್ರಂಥದ ಎರಡನೆಯ ರಷ್ಯನ್ ಮುದ್ರಣ ಬಂದದ್ದು 1969ರಲ್ಲಿ, ಆತ ತೀರಿಕೊಳ್ಳುವ ಹಿಂದಿನ ವರ್ಷ. ಅಷ್ಟರಲ್ಲಿ ಅಮೆರಿಕದಲ್ಲಿ ಅಲನ್ ಡಂಡಿಸ್ ಅವರ ಪ್ರಸ್ತಾವನೆಯೊಡನೆ 1968ರ ಪರಿಷ್ಕೃತ ಆವೃತ್ತಿ ಹೊರಬಂದು ಜಗತ್ತಿನ ತರಗತಿಗಳನ್ನು ತಲುಪಿತ್ತು. ಕರ್ನಾಟಕದ ವಿಶ್ವವಿದ್ಯಾಲಯಗಳನ್ನು ತಲುಪಿದ ಪ್ರಾಪ್ ಈ ಇಂಗ್ಲಿಷ್ ಪ್ರಾಪ್. ಆದ್ದರಿಂದಲೇ ಲೆನಿನ್‌ಗ್ರಾಡಿನ ಪ್ರಾಧ್ಯಾಪಕನೊಬ್ಬ ಕನ್ನಡದಲ್ಲಿ ‘ಪಾಶ್ಚಾತ್ಯ’ನಾದ.

ಹೆಸರಿನ ಈ ತಪ್ಪನ್ನು ಕ್ಷಮಿಸಬಹುದು. ಪ್ರಯೋಗದ ತಪ್ಪು ಹೆಚ್ಚು ಹಾನಿ ಮಾಡಿದೆ. ಲೆವಿಸ್ಟ್ರಾಸ್ 1960ರಲ್ಲಿ ಬರೆದ ವಿಮರ್ಶೆಗೆ ಪ್ರಾಪ್ 1966ರ ಇಟಾಲಿಯನ್ ಆವೃತ್ತಿಯಲ್ಲಿ ಉತ್ತರ ಕೊಟ್ಟ. ಅದರಲ್ಲಿ ಆತ ಹೇಳಿದ ಒಂದು ಸಂಗತಿ ನಿರ್ಣಾಯಕವಾದುದು: ತನ್ನ ಅಭ್ಯಾಸ ಅದ್ಭುತ ಕಥೆಗಳಿಗೆ ಮಾತ್ರ ಸೀಮಿತವಾಗಿತ್ತು, ಶೀರ್ಷಿಕೆಯಲ್ಲಿ ಆ ಮಿತಿ ಸ್ಪಷ್ಟವಾಗಿತ್ತು, ಆದರೆ ಪ್ರಕಟಣೆಯ ವೇಳೆ ಸಂಪಾದಕರು ಆಕರ್ಷಣೆಗಾಗಿ ಅದನ್ನು ‘ಕಥೆ’ ಎಂದು ಹಿಗ್ಗಿಸಿದರು. ಗಯಟೆಯಿಂದ ಎತ್ತಿಕೊಂಡಿದ್ದ ಶಿರೋಲೇಖಗಳು ಇಂಗ್ಲಿಷಿನಲ್ಲಿ ಬಿಟ್ಟುಹೋದುದನ್ನೂ ಆತ ಎತ್ತಿ ಆಡಿದ. ಶೀರ್ಷಿಕೆಯ ಆ ಹಿಗ್ಗುವಿಕೆ ಕನ್ನಡದಲ್ಲಿ ಇನ್ನಷ್ಟು ಹಿಗ್ಗಿತು. ಗಾದೆಗಥೆ, ಸ್ಥಳಪುರಾಣ, ತೆನಾಲಿ ರಾಮಕೃಷ್ಣನ ಹಾಸ್ಯಪ್ರಸಂಗ, ಕೊನೆಗೆ ದೀರ್ಘ ಕಥನಗೀತೆಯನ್ನು ಕೂಡ 31ರ ಕೋಷ್ಟಕಕ್ಕೆ ಇಳಿಸುವ ಉತ್ಸಾಹವನ್ನು ಪಿಎಚ್.ಡಿ. ಪ್ರಬಂಧಗಳಲ್ಲಿ ಕಾಣಬಹುದು. ಕೋಷ್ಟಕ ತುಂಬಿದರೆ ಸಿದ್ಧಾಂತ ಸಮರ್ಥಿಸಲ್ಪಟ್ಟಿತು. ತುಂಬದಿದ್ದರೆ ಕಥೆ ‘ಅಪೂರ್ಣ ಪಾಠ’ವಾಯಿತು. ವಕ್ತೃವಿನ ಮುಂದೆ ಕುಳಿತು ಕೇಳಿದ ಕಥೆಯನ್ನು ಅಪೂರ್ಣವೆಂದು ಕರೆಯುವ ಧೈರ್ಯ ಯಾವ ಅಧಿಕಾರದಿಂದ ಬರುತ್ತದೆ ಎಂದು ಮಾರ್ಗದರ್ಶಕರಾದರೂ ಕೇಳಬೇಕಿತ್ತು.

ಈ ಕೋಷ್ಟಕಕ್ಕೆ ಕನ್ನಡದ ಕಥೆಯೇ ಕೊಡುವ ಉತ್ತರವನ್ನು ಎ.ಕೆ. ರಾಮಾನುಜನ್ ಅವರ ಸಂಗ್ರಹದಲ್ಲಿ ನೋಡಬಹುದು. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋಗಿ, ಇಂಡಿಯಾನಾದಲ್ಲಿ ಭಾಷಾವಿಜ್ಞಾನದ ಡಾಕ್ಟರೇಟ್ ಪಡೆದು, ಷಿಕಾಗೋದಲ್ಲಿ ನೆಲೆಸಿದವರು. ಆ ಪೈಪೋಟಿಯ ಕಾಲದ ಅನುದಾನಗಳಿಂದ ಬೆಳೆದ ದಕ್ಷಿಣ ಏಷ್ಯಾ ಅಧ್ಯಯನ ವಿಭಾಗವೊಂದರಲ್ಲಿ ಅವರ ವೃತ್ತಿಜೀವನ ಕಳೆಯಿತು. ಆದರೆ ಅವರು ಕಥೆಗಳನ್ನು ಕೂಡಿಹಾಕಲು ತೊಡಗಿದ್ದು ಅದಕ್ಕೂ ಮೊದಲು, 1950ರ ದಶಕದಲ್ಲಿ, ಬೆಳಗಾವಿಯಂತಹ ಊರುಗಳಲ್ಲಿ ಅಧ್ಯಾಪಕರಾಗಿದ್ದಾಗ. ಅವರ ಮರಣಾನಂತರ 1997ರಲ್ಲಿ, ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅದೇ ಅಲನ್ ಡಂಡಿಸ್ ಅವರ ಸಂಪಾದಕತ್ವದಲ್ಲಿ, 77 ಕನ್ನಡ ಕಥೆಗಳ ಸಂಪುಟ ಇಂಗ್ಲಿಷಿನಲ್ಲಿ ಬಂದಿತು. ಅದಕ್ಕೆ ಹೆಸರು ಕೊಟ್ಟ ಕಥೆ, ಹೂವಿನ ಮರವಾಗುವ ಹುಡುಗಿಯದು. ಬಡತಾಯಿಯ ಮಗಳು ಬಿಂದಿಗೆ ನೀರು ಸುರಿಸಿಕೊಂಡು ಮರವಾಗುತ್ತಾಳೆ. ಹೂ ಮಾರಿ ಬದುಕುತ್ತಾರೆ. ರಾಜಕುಮಾರ ಕಂಡು ಮದುವೆಯಾಗುತ್ತಾನೆ. ಪ್ರಾಪ್‌ನ ಎಣಿಕೆಯಲ್ಲಿ ಮದುವೆ 31ನೆಯದು, ಅಂದರೆ ಕಥೆ ಮುಗಿಯಿತು. ಈ ಕಥೆಯಾದರೋ ಆಗ ಆರಂಭವಾಗುತ್ತದೆ. ನಾದಿನಿ ತೋಟಕ್ಕೆ ಕರೆದೊಯ್ದು ಮರವಾಗೆಂದು ಪೀಡಿಸುತ್ತಾಳೆ. ಗೆಳತಿಯರು ಕೊಂಬೆ ಮುರಿಯುತ್ತಾರೆ, ಎರಡನೆಯ ನೀರನ್ನು ಸರಿಯಾಗಿ ಸುರಿಯುವುದಿಲ್ಲ, ಹುಡುಗಿ ಕೈಕಾಲಿಲ್ಲದ ಮೊಂಡವಾಗಿ ಬಿದ್ದಿರುತ್ತಾಳೆ. ‘ಹಂಚಿ’ಯ ಕಥೆಯಲ್ಲಿಯೂ, ಮಣ್ಣಿನ ಮುಖವಾಡ ಕಳಚಿ ಮದುವೆಯಾದ ಮೇಲೆಯೇ ಗುರುಸ್ವಾಮಿಯ ಕಾಟ. ಗಂಡಿನ ಕಥೆಗೆ ಮದುವೆ ಮುಕ್ತಾಯ, ಹೆಣ್ಣಿನ ಕಥೆಗೆ ಅದು ಕಷ್ಟದ ಬಾಗಿಲು ಎಂಬ ವಿವೇಚನೆಯನ್ನು ರಾಮಾನುಜನ್ ಈ ಕಥೆಗಳಿಂದಲೇ ಎತ್ತಿಕೊಟ್ಟರು.

ಪ್ರಾಪ್‌ಗೆ ಅನ್ಯಾಯವಾಗಬಾರದು. ಒಂದು ಕಥೆಯಲ್ಲಿ ಒಂದಕ್ಕಿಂತ ಹೆಚ್ಚು ನಡೆಗಳಿರಬಹುದೆಂದು ಆತನೇ ಹೇಳಿದ್ದಾನೆ. ಮದುವೆಯ ನಂತರದ ಭಾಗವನ್ನು ಎರಡನೆಯ ನಡೆಯೆಂದು ಲೆಕ್ಕ ಹಾಕಲು ಅಡ್ಡಿಯಿಲ್ಲ. ಆದರೆ ಹಾಗೆ ಲೆಕ್ಕ ಹಾಕಿದಾಗ ಉಳಿಯುವುದು ಕಥೆಯ ಅಂಗರಚನೆ ಮಾತ್ರ. ಮೊಂಡವಾದ ದೇಹವನ್ನು ಗಂಡನ ಕೈಯೇ ಕೊಂಬೆ ಕೊಂಬೆಯಾಗಿ ಜೋಡಿಸಿ ನೀರು ಸುರಿಯುವ ಕೊನೆಯ ದೃಶ್ಯ, ಅತ್ತೆಯ ಮನೆಯಲ್ಲಿ ಬಾಳಿದ ಹೆಂಗಸು ಮೊಮ್ಮಗಳಿಗೆ ಹೇಳಿದಾಗ ಏನನ್ನು ಹೇಳುತ್ತಿತ್ತೆಂಬುದಕ್ಕೆ ನಡೆಗಳ ಎಣಿಕೆ ಉತ್ತರಿಸುವುದಿಲ್ಲ. ಇಂಡಿಯಾನಾದಲ್ಲಿಯೇ ಕಲಿತ ರಾಮಾನುಜನ್ ಆ ವಿದ್ಯೆಯ ಮಿತಿಯನ್ನು ಕಥೆಯ ಕಡೆಯಿಂದ ತೋರಿಸಿದರೆ, ಇಂಡಿಯಾನಾವನ್ನು ನೋಡದ ಕನ್ನಡ ಸಂಶೋಧನೆ ಆ ವಿದ್ಯೆಗೆ ಹೆಚ್ಚು ನಿಷ್ಠವಾಗಿ ಉಳಿಯಿತು.

ಪುಸ್ತಕಗಳು ಎದುರು ದಿಕ್ಕಿಗೂ ಹೋದವು. 1954ರ ಪಿ.ಎಲ್. 480 ಕಾಯಿದೆಯಡಿ ಅಮೆರಿಕದ ಗೋಧಿ ಭಾರತಕ್ಕೆ ಬಂದಿತು. ಬೆಲೆಯನ್ನು ರೂಪಾಯಿಗಳಲ್ಲಿ ಪಾವತಿ ಮಾಡಲಾಯಿತು. ಆ ರೂಪಾಯಿಯ ಒಂದು ಭಾಗದಿಂದ 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಷಿಕಾಗೋ ಅವುಗಳಲ್ಲಿ ಒಂದು. ಹಳೆಯ ಮೈಸೂರು ಸೀಮೆಯ ರಾಗಿ ಬೀಸುವ ಪದಗಳು ಗೋಧಿಯ ಹಣದಿಂದ ಸಮುದ್ರ ದಾಟುವ ಕಾಲ ಹೀಗೆ ಬಂದಿತು. 1974ರಲ್ಲಿ ಈ ರೂಪಾಯಿ ಸಾಲದ ದೊಡ್ಡ ಪಾಲನ್ನು, 1,664 ಕೋಟಿ ರೂಪಾಯಿಗಳನ್ನು, ಅಮೆರಿಕ ಭಾರತಕ್ಕೆ ಬಿಟ್ಟುಕೊಟ್ಟಿತು. ಸಣ್ಣ ಊರಿನ ಮುದ್ರಣಾಲಯದಲ್ಲಿ ಅಚ್ಚಾದ ಪದಸಂಗ್ರಹವನ್ನು ಅರಸುವ ಸಂಶೋಧಕ ಸ್ವಂತ ಜಿಲ್ಲೆಯ ಗ್ರಂಥಾಲಯಕ್ಕಿಂತ ಮೊದಲು ವಿದೇಶದ ಸೂಚಿಯನ್ನು ನೋಡುವುದು ಈಗ ರೂಢಿಯೇ ಆಗಿದೆ.

ಎರಡು ಶಕ್ತಿಗಳೂ ಒಂದೇ ವರ್ಷ ಕರ್ನಾಟಕದ ಮೇಲೆ ಹಾದುಹೋದ ಪ್ರಸಂಗವೊಂದುಂಟು. ಉಲ್ಲಾಳಕ್ಕೆ ಉತ್ತರದಲ್ಲಿರುವ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಕಪೂಸ್ತಿನ್ ಯಾರ್‌ನಿಂದ ಮೇಲೇರಿತು. ಅದೇ ವರ್ಷ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತೋರಿಸಿತು. ಅವುಗಳಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿದ್ದವು. ಗೊಬ್ಬರ, ಆರೋಗ್ಯ, ಶಾಲಾಪಾಠಗಳ ನಡುವೆ ಮನರಂಜನೆಯ ಹೆಸರಿನಲ್ಲಿ ಜನಪದ ಹಾಡು, ಕುಣಿತಗಳೂ ಬಂದವು. ಜಾನಪದವು ‘ಮಾಧ್ಯಮ’ ಎಂಬ ಹೊಸ ಪದವಿಯನ್ನು ಪಡೆದದ್ದು ಇಂತಹ ಯೋಜನೆಗಳ ಕಾಲದಲ್ಲಿ. ಅದರ ಫಲ ಇಂದಿನ ಸರ್ಕಾರಿ ಜಾಹೀರಾತಿನ ಡೊಳ್ಳುಕುಣಿತದವರೆಗೆ ಹರಿದುಬಂದಿದೆ.

1980ರ ದಶಕದಲ್ಲಿ ಅಮೆರಿಕದ ಫೋರ್ಡ್ ಪ್ರತಿಷ್ಠಾನದ ನೆರವು ಕರ್ನಾಟಕಕ್ಕೆ ಬಂದಾಗ ಅನುಮಾನದ ದನಿಗಳು ಎದ್ದವು. ಹೆಗ್ಗೋಡಿನ ನೀನಾಸಮ್ ಸಂಸ್ಥೆಯ ‘ಜನಸ್ಪಂದನ’ಕ್ಕೂ, ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರಕ್ಕೂ ಆ ನೆರವು ಸಂದಿತು. ಸಂಸ್ಕೃತಿಯ ದಾಖಲೆ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಸೋವಿಯತ್ ಪುಸ್ತಕ, ಪ್ರವಾಸ, ಪ್ರಶಸ್ತಿಗಳ ಬಗೆಗೆ ಮೌನವಾಗಿದ್ದು ಡಾಲರಿನ ಬಗೆಗೆ ಮಾತ್ರ ಕೇಳುವ ಪ್ರಶ್ನೆಗೆ ತೂಕ ಕಡಿಮೆ. ಡಾಲರಿನ ನೆರವು ಪಡೆದವರು ಸಿದ್ಧಾಂತ ತಟಸ್ಥವೆಂದು ನಂಬಿದ್ದೂ ಅಷ್ಟೇ ಹಗುರವಾದುದು. ಹಣದ ಮೂಲವನ್ನು ಹೇಳುವುದು ಕರ್ತವ್ಯ. ಅದರಿಂದಲೇ ಕೃತಿಯ ಬೆಲೆ ಕಟ್ಟುವುದು ವಿಮರ್ಶೆಯಲ್ಲ.

ತುಳುನಾಡಿನ ಸಿರಿ ಮಹಾಕಾವ್ಯದ ದಾಖಲೆ ಇದಕ್ಕೆ ಒಳ್ಳೆಯ ನಿದರ್ಶನ. ಇದರ ಹಿಂದಿದ್ದ ದೇಶ ಫಿನ್‌ಲೆಂಡ್. 1948ರ ಒಪ್ಪಂದದಿಂದ ಸೋವಿಯತ್ ನೆರೆಯನ್ನು ಸಂಭಾಳಿಸುತ್ತ ಎರಡು ಬಣಗಳ ನಡುವೆ ಬಾಳಿದ ದೇಶ. ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರೊಡನೆ 1990ರ ಡಿಸೆಂಬರ್‌ನಲ್ಲಿ ಗೋಪಾಲ ನಾಯ್ಕರಿಂದ ದಾಖಲಿಸಿಕೊಂಡ 15,683 ಸಾಲುಗಳ ಪಠ್ಯ 1998ರಲ್ಲಿ ಪ್ರಕಟವಾಯಿತು. ಆ ವೇಳೆಗೆ ಸೋವಿಯತ್ ಒಕ್ಕೂಟವೇ ಇರಲಿಲ್ಲ. ಹಾಡುಗಾರನನ್ನು ಕೇಂದ್ರದಲ್ಲಿಡುವ ಈ ಪದ್ಧತಿಯನ್ನು ಕನ್ನಡದಲ್ಲಿ ಸಾಮಾನ್ಯವಾಗಿ ಪ್ಯಾರಿ ಮತ್ತು ಲಾರ್ಡ್ ಅವರ ಅಮೆರಿಕನ್ ಕೊಡುಗೆಯೆಂದು ಪರಿಚಯಿಸಲಾಗುತ್ತದೆ. ಪ್ಯಾರಿಯ ಧ್ವನಿಮುದ್ರಣ ನಡೆದದ್ದು 1930ರ ದಶಕದ ಯುಗೋಸ್ಲಾವಿಯಾದಲ್ಲಿ ಎಂಬುದು ಗೊತ್ತಿರುವ ಸಂಗತಿ. ಅದಕ್ಕೂ ಅರವತ್ತು ವರ್ಷ ಹಿಂದೆ, 1871ರಲ್ಲಿ, ಗಿಲ್ಫರ್ದಿಂಗ್ ಎಂಬ ರಷ್ಯನ್ ವಿದ್ವಾಂಸ ಒನೆಗಾ ಸರೋವರದ ಸೀಮೆಯಲ್ಲಿ ವೀರಗೀತೆಗಳನ್ನು ಬರೆದುಕೊಂಡು, ಅವನ್ನು ವಸ್ತುವಿನ ಪ್ರಕಾರ ಅಲ್ಲ, ಹಾಡಿದವರ ಪ್ರಕಾರ ಜೋಡಿಸಿದ್ದ. ಆ ಸೀಮೆ ಕಲೆವಲ ಹಾಡುಗಳ ಕರೇಲಿಯಾಕ್ಕೆ ಸೇರಿಕೊಂಡದ್ದು. ಸಿರಿ ಸಂಪುಟದ ಮುಖಪುಟದಲ್ಲಿ, ಕಾವ್ಯದ ಹೆಸರಿನ ಕೆಳಗೆ, ಅದನ್ನು ಹಾಡಿದವರು ಗೋಪಾಲ ನಾಯ್ಕ ಎಂದಿದೆ.